ಅಮ್ಮನ ಕೈಯ ಸೌಟು

ನಾನು ಪ್ರೋಗ್ರಾಮುಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬರೆಯುವವಳು. ಪ್ರೋಗ್ರಾಮಿನ ಪ್ರತಿ ತುಣುಕೂ, ಅಂದರೆ ಫಂಕ್ಷನ್ನೂ, ತಾನು ಬಂದ ದಾರಿಯ ಗುರುತನ್ನು ಪ್ರೊಸೆಸರಿನೊಳಗಿನ ಪುಟ್ಟ ಜಾಗವೊಂದರಲ್ಲಿ, ಒಂದು ರಿಜಿಸ್ಟರಿನಲ್ಲಿ, ಹಿಡಿದಿರುತ್ತದೆ. ಅದೇ ಫ್ರೇಮ್ ಪಾಯಿಂಟರ್. ಆ ರಿಜಿಸ್ಟರ್ ಬೇರೆ ಕೆಲಸಕ್ಕೆ ಬಿಡುವಾದರೆ ವೇಗ ಹೆಚ್ಚುತ್ತದೆಂದು ನಾನದನ್ನು ತೆಗೆಸಿದ್ದೆ. ಇಂದು ಪ್ರೋಗ್ರಾಮ್ ಮುಗ್ಗರಿಸಿತು. ಎಲ್ಲಿಂದ ಬಂದು ಬಿತ್ತೆಂದು ಯಾರಿಗೂ ತಿಳಿಯಲಿಲ್ಲ.

ಸಿಡಿಮಿಡಿಗುಟ್ಟುತ್ತಾ ಮನೆಗೆ ಬಂದರೆ, ಅಮ್ಮ ಸೌಟು ಹಿಡಿದೇ ನನ್ನ ಕೋಣೆಗೆ ಬಂದಳು.

"ಅದನ್ಯಾಕಮ್ಮ ಮನೆಯೆಲ್ಲಾ ಹೊತ್ಕೊಂಡು ತಿರುಗ್ತೀಯ? ಒಂದು ಕೈ ದಂಡ!" ಎಂದು ಕಿತ್ತುಕೊಂಡೆ.

ಅಮ್ಮ ಎರಡೂ ಕೈಯಿಂದ ನನ್ನ ಬಟ್ಟೆ ಮಡಚುತ್ತಾ ಕೂತುಬಿಟ್ಟಳು. ಅಡುಗೆಮನೆಯಿಂದ ಸೀದ ವಾಸನೆ ಬಂತು.

"ಅಯ್ಯೋ, ಹಾಲು! ಕೈಯಲ್ಲಿ ಸೌಟಿದ್ದಿದ್ರೆ ಒಲೆ ನೆನಪಾಗ್ತಿತ್ತು ಕಣೇ."

ಸೌಟನ್ನು ಅವಳ ಕೈಗಿಟ್ಟು ಆಫೀಸಿಗೆ ಫೋನ್ ಮಾಡಿದೆ. "ಫ್ರೇಮ್ ಪಾಯಿಂಟರ್ ವಾಪಸ್ ಹಾಕಪ್ಪ."

"ವೇಗ ಕಮ್ಮಿ ಆಗತ್ತಲ್ಲಾ ಮೇಡಂ?"

"ಆಗ್ಲಿ. ಹಾಲು ಸೀಯೋದಕ್ಕಿಂತ ವಾಸಿ."