ಸೊಂಟದ ಹೊಲಿಗೆ

"ಅಲ್ಲಾಡಬೇಡಿ ಸಾರ್. ನಿದ್ದೆನೂ ಮಾಡ್ಬೇಡಿ. ಸುಮ್ನೆ ಮಲಗಿರಿ, ಅಷ್ಟೇ."

ನರ್ಸಿನ ಮಾತಿಗೆ ಗಡಿಯಾರ ರಿಪೇರಿಯವನು ಮಲಗಿದಲ್ಲೇ ನಕ್ಕ. "ಹೆಂಡ್ತಿ ಎದುರಿಗೆ ಬಾಯಿ ಮುಚ್ಕೊಂಡಿರೋದು ನನಗೇನು ಹೊಸದಲ್ಲಮ್ಮ."

ಅವನ ತಲೆಯ ಮೇಲೆ ದೊಡ್ಡ ಪಾರದರ್ಶಕ ಮುಚ್ಚಳವಿತ್ತು. ಅದರ ಕೊಳವೆ ಪಕ್ಕದ ಯಂತ್ರಕ್ಕೆ ಸೇರಿತ್ತು. ಸುಮ್ಮನೆ ಮಲಗಿದ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಉಸಿರಿನಿಂದಲೇ ಅಳೆಯುವ ಪರೀಕ್ಷೆ. ರಾತ್ರಿಯಿಂದ ಊಟವಿಲ್ಲ, ಬೆಳಿಗ್ಗೆ ಟೀ ಕೂಡ ಇಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತ ಹೆಂಡತಿಗೆ ಮಾತ್ರ ನಗು ಬರಲಿಲ್ಲ. ಅವಳ ಕಣ್ಣು ಗಂಡನ ಪ್ಯಾಂಟಿನ ಸೊಂಟದ ಮೇಲೇ ಇತ್ತು. ಎಷ್ಟು ಚೆನ್ನಾಗಿ ಕೂತಿದೆ, ಹಾಳಾದ್ದು!

ಅವಳು ಟೈಲರು. ಗಂಡ ತೂಕ ಇಳಿಯುತ್ತಿರುವುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವಳಿಗೇ. ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದವನ ಪ್ಯಾಂಟು ಜಾರತೊಡಗಿತ್ತು. ಅದೇ ಹೊತ್ತಿಗೆ ಮನೆಗೆ ಬಂದ ನಾದಿನಿ, "ಏನತ್ತಿಗೆ, ನಮ್ಮಣ್ಣಂಗೆ ಊಟ ಹಾಕ್ತೀರೋ, ಬರೀ ಪಾತ್ರೆ ತೋರಿಸ್ತೀರೋ?" ಎಂದು ಎಲ್ಲರೆದುರು ಕಿಸಕ್ಕೆಂದಳು. ಇವಳಿಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಅವನು ಅಂಗಡಿಗೆ ಹೋದದ್ದೇ ತಡ, ಅವನ ಪ್ಯಾಂಟುಗಳ ಹಿಂಬದಿಯ ಹೊಲಿಗೆ ಬಿಚ್ಚಿ, ಸಡಿಲವನ್ನು ಒಳಗೆ ಹಿಡಿದು ಬಿಗಿ ಮಾಡಿ ಹೊಲಿದುಬಿಟ್ಟಳು. ಅಂಗಿಗಳನ್ನೂ ಬಿಡಲಿಲ್ಲ. ಊರವರಿಗೆಲ್ಲ ಹೇಳಿ ಮಾಡಿಸಿದ ಹಾಗೆ ಹೊಲಿಯುವವಳ ಗಂಡ ಜೋಲು ಬಟ್ಟೆಯಲ್ಲಿ ಓಡಾಡಿದರೆ ನಾಚಿಕೆ ಯಾರಿಗೆ? ಮತ್ತೆ ಸಡಿಲವಾಯಿತು, ಮತ್ತೆ ಹಿಡಿದಳು. ಅವನಿಗೆ ಹೇಳಲಿಲ್ಲ. ಹೇಳಿದರೆ ಸುಮ್ಮನೆ ತಲೆಗೆ ಹುಳ ಬಿಟ್ಟುಕೊಳ್ಳುತ್ತಾನೆ ಎಂದುಕೊಂಡಳು.

ಆಮೇಲೆ ಅವನ ಕೈ ನಡುಗತೊಡಗಿತು. ಗಡಿಯಾರದ ಸಣ್ಣ ತಿರುಪು ಚಿಮಟದಿಂದ ಜಾರಿ ಬಿದ್ದರೆ ಮೊಣಕಾಲೂರಿ ಹುಡುಕುತ್ತ ಕೂರುತ್ತಿದ್ದ. ಚಳಿಯಲ್ಲೂ ಫ್ಯಾನು ಬೇಕೆಂದು ಹಟ. ಬೀದಿ ಕೊನೆಯ ಡಾಕ್ಟರು, "ಬಟ್ಟೆಗಿಟ್ಟೆ ಸಡಿಲ ಆಗಿದೆಯಾ?" ಎಂದು ಕೇಳಿದ್ದರು. "ಇಲ್ಲ ಡಾಕ್ಟ್ರೇ, ಅಳತೆ ತಗೊಂಡು ಹೊಲಿದಂಗೇ ಇದೆ," ಎಂದಿದ್ದ ಅವನು. ಪಕ್ಕದಲ್ಲೇ ಕೂತಿದ್ದ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಡಾಕ್ಟರು ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿ, ನಿದ್ದೆಗೆ ಮಾತ್ರೆ ಬರೆದು ಕಳಿಸಿದರು. ಮೊನ್ನೆ ಅವನು ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದ ಮೇಲೆಯೇ ಈ ದೊಡ್ಡಾಸ್ಪತ್ರೆಗೆ ಬಂದದ್ದು. ಅವತ್ತು ಬಾಯಿ ಬಿಟ್ಟಿದ್ದರೆ ಎಂಬ ಅಳುಕು ಅವಳನ್ನು ಆಗಿನಿಂದ ತಿನ್ನುತ್ತಲೇ ಇತ್ತು.

ನರ್ಸ್ ಯಂತ್ರ ನೋಡಿ ಹುಬ್ಬು ಗಂಟಿಕ್ಕಿದಳು. "ಅಲ್ಲಾಡಿದ್ರಾ?"

"ಇಲ್ವಲ್ಲಮ್ಮ."

ಇನ್ನೊಮ್ಮೆ ಅಳೆದಳು. ಅದೇ ದೊಡ್ಡ ಅಂಕಿ ಬಂತು.

ಒಳಗಿನ ಕೋಣೆಯಲ್ಲಿ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದರು. "ಸುಮ್ನೆ ಮಲಗಿದ್ರೂ ಉಸಿರಿಗೆ, ಹೃದಯಕ್ಕೆ, ಮೈ ಬೆಚ್ಚಗಿರೋಕೆ ಅಂತ ದೇಹಕ್ಕೆ ಒಂದಷ್ಟು ಖರ್ಚಿರುತ್ತೆ. ನಿಮ್ಮ ದೇಹ ಮಲಗಿದಲ್ಲೇ ಓಡ್ತಾ ಇದೆ. ಉಂಡಿದ್ದು ಸಾಲ್ದೆ ಮೈಯನ್ನೇ ಕರಗಿಸ್ಕೊಳ್ತಿದೆ. ಥೈರಾಯ್ಡ್ ಜಾಸ್ತಿ ಆಗಿದೆ ಅಂತ ರಕ್ತದ ರಿಪೋರ್ಟಲ್ಲೂ ಬಂದಿದೆ. ಅದಕ್ಕೆ ಔಷಧಿ ಇದೆ. ನನ್ನ ಚಿಂತೆ ಹೃದಯದ್ದು, ಬಡಿತ ತಪ್ತಾ ಇದೆ. ಎಷ್ಟು ಕಾಲದಿಂದ ಹಿಂಗೆ ದಣಿದಿದೆಯೋ ಗೊತ್ತಾಗ್ಬೇಕು. ಬಟ್ಟೆ ಯಾವಾಗಿಂದ ಸಡಿಲ ಆಗ್ತಾ ಬಂತು?"

"ಆಗೇ ಇಲ್ಲ ಡಾಕ್ಟ್ರೇ!" ಅವನ ದನಿಯಲ್ಲಿ ಹೆಮ್ಮೆಯಿತ್ತು. "ನನ್ನ ಮಾತು ಬಿಡಿ, ಇವಳನ್ನೇ ಕೇಳಿ. ಟೈಲರು ಇವಳು. ಇವಳ ಕಣ್ಣಿಗೆ ಒಂದು ನೂಲೂ ತಪ್ಪಲ್ಲ."

ಇಬ್ಬರೂ ಅವಳ ಕಡೆ ತಿರುಗಿದರು. ಹೌದು, ಸಡಿಲ ಆಗಿಲ್ಲ ಎಂದುಬಿಟ್ಟರೆ ಇಲ್ಲಿಗೇ ಮುಗಿಯುತ್ತದೆ. ನಾದಿನಿಗೂ ಗೊತ್ತಾಗುವುದಿಲ್ಲ, ಇವನಿಗೂ ಇಲ್ಲ. ಥೂ, ಈಗಲೂ ಮಾನದ್ದೇ ಯೋಚನೆಯೇನೇ ನಿನಗೆ, ಎಂದು ತನ್ನನ್ನೇ ಬೈದುಕೊಂಡಳು.

"ನಾನೇ ಹಿಡಿದು ಹೊಲೀತಾ ಬಂದೆ ಡಾಕ್ಟ್ರೇ," ಎಂದಳು. "ಹೋದ ಬೇಸಿಗೆಯಿಂದ. ಸಡಿಲ ಆದಾಗೆಲ್ಲ ಹಿಡಿದೆ. ಇವ್ರಿಗೆ ಗೊತ್ತಿಲ್ಲ. ಗಂಡನಿಗೆ ಊಟ ಹಾಕಲ್ಲ ಅಂತ ಜನ ಆಡ್ಕೋತಾರೆ ಅಂತ..."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಹೋದ ಬೇಸಿಗೆ," ಎಂದು ಮೆಲ್ಲಗೆ ಹೇಳಿಕೊಂಡು ಬರೆದುಕೊಂಡರು. ಹೃದಯದ ಇನ್ನೊಂದು ಪರೀಕ್ಷೆಗೆ ಹೊರಗೆ ಕಾಯಲು ಹೇಳಿದರು.

ಬೆಂಚಿನ ಮೇಲೆ ಕೂತ ಅವನು ಬೆನ್ನ ಹಿಂದೆ ಕೈ ಹಾಕಿ, ಪ್ಯಾಂಟಿನ ಪಟ್ಟಿಯೊಳಗೆ ಬೆರಳು ತೂರಿಸಿ ತಡವಿದ. ಮೇಲಿಂದ ಮೇಲೆ ಮಡಿಚಿ ಹೊಲಿದ ಬಟ್ಟೆ ಅಲ್ಲಿ ಗಂಟುಗಟ್ಟಿತ್ತು.

"ತಪ್ಪಾಯ್ತು ಕಣ್ರೀ," ಎಂದಳು ಅವಳು. "ಬೈದಾದ್ರೂ ಬೈರಿ."

"ಈ ಗಂಟು ಬೆನ್ನಿಗೆ ಒತ್ತೋದು ನನಗೂ ಗೊತ್ತಾಗ್ತಿತ್ತು," ಎಂದ ಅವನು. "ಹೇಳಿದ್ರೆ ನಿನ್ನ ಹೊಲಿಗೆಗೆ ಹೆಸರಿಟ್ಟಂಗೆ ಆಗುತ್ತೆ ಅಂತ ಸುಮ್ನಿದ್ದೆ."



ಬಾಗಿಲಲ್ಲಿ ನರ್ಸ್ ಕರೆದಾಗ ಅವನು ಎದ್ದ. ಪ್ಯಾಂಟು ಸರಿಯಾಗಿಯೇ ಕೂತಿತ್ತು. ಆದರೂ ಈಗಲೇ ಜಾರಿಬಿಡುತ್ತದೆ ಎಂಬಂತೆ ಅವನು ಸೊಂಟವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ನಡೆದ.