ಸಮುದ್ರ ದಾಟಿದ ಸೂಟ್‌ಕೇಸ್

ನಳದ ಕೆಳಗೆ ಕೊಡ ತುಂಬಿ ಹರಿಯುತ್ತಿತ್ತು. ಒಳಗೆ ರೋನಿಯ ಫೋನು ಬಡಿದುಕೊಂಡಿತು. ನಿಸ್ಸಿ ಒದ್ದೆ ಕೈಯಲ್ಲೇ ಎತ್ತಿಕೊಂಡಳು. ಗಂಡ ರೋನಿಯ ಮಣ್ಣಿಗೆ ಬಂದಿದ್ದ ನೆಂಟರು ಹಿಂದಿನ ಸಂಜೆಯೇ ಕಮಲನಗರದ ಬಸ್ಸು ಹತ್ತಿದ್ದರು. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ಎಲಿಜಬೆತ. ಓಣಿಯಲ್ಲಿ ತರಕಾರಿ ಗಾಡಿಯವನು ಎಂದಿನಂತೆ ಕೂಗುತ್ತಿದ್ದ.

ಕರೆ ಹೊನ್ನಾವರದ್ದು. ಆ ಹಳೇ ಬಂದರಿನ ಊರಿನಲ್ಲಿ ನಾಡಿನ ಬೇರೆಬೇರೆ ಸೀಮೆಯ ಕತೆಗಾರರು ಸೇರುವುದಿತ್ತು. ಬೀದರದಿಂದ ರೋನಿ ಹೋಗಿ ಕತೆ ಓದಬೇಕಿತ್ತು. ಸ್ಟೇಷನ್ನಿನಲ್ಲಿ ತಾವೇ ರೋನಿಯ ಹೆಸರಿನ ಹಲಗೆ ಹಿಡಿದು ನಿಂತಿರುವುದಾಗಿ ಕರೆ ಮಾಡಿದ ಸಂಘಟಕರು ಹೇಳಿದರು. ರೋನಿಯವರು ಬರುತ್ತಾರಲ್ಲ ಎಂದು ಕೇಳಿದರು.

"ಬರ್ತಾರ್ರಿ," ಎಂದಳು ನಿಸ್ಸಿ.

"ಊಟಕ್ಕೆ ಮೀನು ಉಂಟು. ಅವರಿಗೆ ಆಗ್ತದಲ್ಲ?"

"ಆಗ್ತದ್ರಿ. ಮುಳ್ಳ ಬಿಡಸ್ಲಾಕ ಬರಲ್ಲ ಅವ್ರಿಗಿ."

"ನಾನು ಬಿಡಿಸಿ ಕೊಡ್ತೇನೆ ಬಿಡಿ ಮಾರಾಯ್ರೆ."

ಫೋನು ಇಟ್ಟ ಮೇಲೂ ಸುಳ್ಳು ಹೇಳಿದೆನೆಂದು ಅವಳಿಗೆ ಅನಿಸಲಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಪಾಠದ ನಡುವೆ ಕುಸಿದವನು ಯಾರೋ, ಹೊನ್ನಾವರಕ್ಕೆ ಹೊರಟವನು ಇನ್ಯಾರೋ ಎಂಬಂತಿತ್ತು. ಅತ್ತೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎಲಿಜಬೆತ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು.

"ಪಾಪ, ಆ ಮನಷ್ಯಾ ಸ್ಟೇಷನ್ದಾಗ ನಿಂತು ಯಾರ ದಾರಿ ನೋಡಬೇಕವ್ವ?"

ನಿಸ್ಸಿ ಕೋಣೆಗೆ ಹೋಗಿ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಳು. ಅದು ಪಕ್ಕದ ಮನೆಯ ಮುನವ್ವರ ಬೇಗಂ ಹಜ್‌ಗೆ ಒಯ್ದು ತಂದದ್ದು. ಒಮ್ಮೆ ಸಮುದ್ರ ದಾಟಿದೆ, ನನಗೂ ದಾರಿ ತೋರಿಸುತ್ತದೆ ಎಂದು ನಗುತ್ತ ರೋನಿ ಬೇಡಿ ತಂದಿದ್ದ. ಎಷ್ಟೋ ದಿನ ಮೊದಲೇ ಬಟ್ಟೆ, ಹೊಸ ಛತ್ರಿ ತುಂಬಿ ಬೀಗ ಹಾಕಿದ್ದ. ಬೀಗದ ಕೈಯನ್ನು ಅಲ್ಲಿ ತೊಡಲೆಂದು ಇಸ್ತ್ರಿ ಮಾಡಿಸಿದ್ದ ಮದುವೆಯ ಕೋಟಿನ ಒಳಜೇಬಿಗೆ ಹಾಕಿಕೊಂಡಿದ್ದ. ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ಅವನಿಗೆ ಅದೇ ಕೋಟು ತೊಡಿಸಿದ್ದರು.

ಅವಳು ಬೀಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಸೂಟ್‌ಕೇಸನ್ನು ಹಾಗೇ ಎತ್ತಿಕೊಂಡು ಪಕ್ಕದ ಮನೆಗೆ ನಡೆದಳು.

"ಜಲ್ದಿ ಏನಿತ್ತು ಬೇಟಾ? ನಾ ಈಗ ಎಲ್ಲಿಗಿ ಹೊಂಟೀನಿ," ಎನ್ನುತ್ತ ಬೇಗಂ ಹಿಡಿಕೆಗೆ ಕೈಹಾಕಿದರು. "ಭಾಳ ವಜನ ಅದಲ್ಲ."

"ಸಾಮಾನ ಒಳಗೇ ಅದರಿ, ಖಾಲಾ. ಕೀಲಿ ಕೋಟಿನಾಗ ಉಳೀತು."

"ಕೋಟ ಎಲ್ಲದ?"

ಕೇಳಿದ ಕೂಡಲೇ ಬೇಗಂ ಅವರ ಮುಖ ಇಳಿಯಿತು. ಆ ಕೋಟನ್ನು ಅವರೂ ನೋಡಿದ್ದರು. ನಿಸ್ಸಿ ಹೊರೆಯನ್ನು ಹೊಸ್ತಿಲಲ್ಲೇ ಇಳಿಸಿದಳು. ಬಳಿಕ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ರೋನಿಯ ಫೋನು ತೆಗೆದು, ಬೆಳಗಿನ ನಂಬರು ಒತ್ತಿದಳು.

"ನಾ ರೋನಿ ಹೆಂಡ್ತಿ ಮಾತಾಡ್ಲತ್ತೀನ್ರಿ. ನೀವು ಸ್ಟೇಷನ್‌ಕ ಹೋಗಬ್ಯಾಡ್ರಿ. ಅವ್ರು ತೀರಕೊಂಡಾರ್ರಿ."

"ಬೆಳಗ್ಗೆ ನೀವೇ…" ಎಂದಿತು ಆಚೆ ಕಡೆಯ ದನಿ.

"ಹೌದ್ರಿ. ನಾನೇ ಹೇಳಿದ್ದೆ."

ಬೇಗಂ ಟ್ರಂಕಿನ ಮೇಲಿದ್ದ ರಜಾಯಿಗಳನ್ನು ಬದಿಗೆ ಸರಿಸಿ ಜಾಗ ಮಾಡಿದರು. ಇಬ್ಬರೂ ಎರಡು ತುದಿ ಹಿಡಿದು ಸೂಟ್‌ಕೇಸ್ ಎತ್ತಿದರು.

"ಆಹಿಸ್ತಾ, ಸಾವಕಾಶ," ಎಂದರು ಬೇಗಂ.

ಅದನ್ನು ಟ್ರಂಕಿನ ಮೇಲೆ ಇಳಿಸುವಾಗ ಒಳಗೆ ಏನೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿತು. ಅದು ನಿಲ್ಲುವ ತನಕ ಇಬ್ಬರೂ ಕೈ ಬಿಡಲಿಲ್ಲ.