ಲಾಡಿ ಹಾಕುವ ಪಿನ್ನು

ಸೊಸೆಯ ಹಿಮ್ಮಡಿ ಒಡೆದಿದೆ, ಫ್ಯಾನ್ ಬಿಚ್ಚಲು ಹತ್ತಿದ ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ಸರಿಯಾಗಿ ನನ್ನ ಕಣ್ಣಿನ ನೇರಕ್ಕೆ, ಬಿರುಕಿನೊಳಗೆ ಸುಣ್ಣದ ಪುಡಿ ಸೇರಿಕೊಂಡಿದೆ, ಏಳು ವರ್ಷ ಒಂದೇ ಮನೆಯಲ್ಲಿದ್ದೂ ಈ ಹಿಮ್ಮಡಿಯನ್ನು ನಾನು ನೋಡಿರಲಿಲ್ಲವಲ್ಲ, ಮಲಗುವಾಗ ಸ್ವಲ್ಪ ಎಣ್ಣೆ ಸವರಿಕೊಳ್ಳೇ ಅನ್ನಬೇಕು — ಅತ್ತೆ, ಏಣಿ ಬಿಡ್ಬೇಡಿ, ಮೇಲೆ ನೋಡ್ಬೇಡಿ, ಕಣ್ಣಿಗೆ ಧೂಳು ಬೀಳುತ್ತೆ. ಬಿಡಲ್ಲ ಕಣೇ, ಎರಡು ಕೈಯಲ್ಲೂ ತಬ್ಬಿಕೊಂಡಿದ್ದೇನೆ, ಏಣಿ ಅಲ್ಲಾಡುತ್ತಿಲ್ಲ. ಎಷ್ಟು ಜಾಗ್ರತೆ ಇವಳದು, ಕರೆಂಟಿರುವ ಪ್ಲಗ್ಗಿಗೆ ಟೆಸ್ಟರ್ ಚುಚ್ಚಿ ಅದು ಬೆಳಗುತ್ತದೋ ಎಂದು ಮೊದಲು ಟೆಸ್ಟರನ್ನೇ ಪರೀಕ್ಷೆ ಮಾಡಿದಳು, ಆಮೇಲೆ ಮೇನ್ ಆಫ್, ಫ್ಯೂಸ್ ಕಿತ್ತು ತನ್ನ ಅಂಗಿಯ ಜೇಬಿಗೆ, ಅಲ್ಲೇ ಇಟ್ಟರೆ ಆಗಲ್ವೇನೇ ಅಂದರೆ, ಯಾರಾದ್ರೂ ಟೀವಿ ನೋಡೋಣ ಅಂತ ಬಂದು ಸಿಗಿಸಿಬಿಟ್ರೆ ಏಣಿ ಮೇಲಿರೋಳು ಇನ್ನೂ ಮೇಲೆ ಹೋಗ್ತೀನಿ ಅತ್ತೆ, ಎಂದು ನಕ್ಕಳು. ಟೆಸ್ಟರನ್ನೂ ನಂಬದವಳು ನನ್ನನ್ನು ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಅತ್ತೆ ಎಂದು ಒಪ್ಪಿಕೊಂಡಳು.

ನಾನು ಒಪ್ಪಿದ್ದೆನೇ, ಇಲ್ಲ, ಕರೆಂಟ್ ಕೆಲಸದವಳೆಂದು ಅವಳಿಗೆ ಕಂಬ ಹತ್ತೋ ಹುಡುಗಿ ಎಂದು ಹೆಸರಿಟ್ಟವಳು ನಾನೇ, ನನ್ನ ಹೊಲಿಗೆ ಗಿರಾಕಿಗಳ ಮುಂದೆ, ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡು, ನಗುತ್ತಾ — ಬಂದ ಮೊದಲ ವಾರವೇ ಅವಳು ಈ ಫ್ಯಾನಿನ ಕಡೆ ತಲೆ ಎತ್ತಿ, ಅತ್ತೆ, ಒಂದ್ಸಲ ಬಿಚ್ಚಿ ನೋಡ್ಲಾ ಎಂದಿದ್ದಳು, ನಾನು ಮುಖ ಊದಿಸಿಕೊಂಡು, ನಿನ್ನ ಸ್ಕ್ರೂಡ್ರೈವರ್ ಏನಿದ್ರೂ ಹೊರಗಡೆ, ನನ್ನ ಕೋಣೆಗೆ ತರಬೇಡ ಎಂದಿದ್ದೆ. ಮತ್ತೆ ಕೇಳಲಿಲ್ಲ. ಬೀದಿಯವರ ಫ್ಯಾನೆಲ್ಲ ಇವಳ ಕೈಯಲ್ಲಿ ತಣ್ಣಗೆ ತಿರುಗಿದವು, ನನ್ನದು ಮಾತ್ರ ಟಕ್ ಟಕ್ ಎಂದು ನನ್ನ ಹಾಗೇ ಗೊಣಗಿಕೊಂಡು ತಿರುಗಿತು, ಮೊನ್ನೆ ಮೊಮ್ಮಗಳು ಪುಟ್ಟಿ, ಅಜ್ಜಿ ಇದು ಕೆಮ್ಮುತ್ತೆ ಎಂದಿದ್ದಕ್ಕೆ ನನಗೂ ನಗು ಬಂದು ಜಂಬ ಇಳಿಯಿತು, ಸ್ವಲ್ಪ ನೋಡಮ್ಮಾ ಅಂದೆ, ಅಷ್ಟಕ್ಕೇ ಅವಳ ಮುಖ ಅರಳಿ, ರಜೆ ಹಾಕಿ ಹೊಸ ಫ್ಯಾನನ್ನೇ ತಂದಳು.

ರೆಕ್ಕೆ ಮೂರನ್ನೂ ಬಿಚ್ಚಿ ಕೊಟ್ಟಾಯಿತು, ಹಗ್ಗ ಸುತ್ತಿ ಫ್ಯಾನನ್ನು ಕೊಕ್ಕೆಗೆ ಬಿಗಿದಾಯಿತು, ಚಾವಣಿಯ ಕೊಕ್ಕೆ ಮುಚ್ಚುವ ಬಟ್ಟಲನ್ನು ಕೆಳಗೆ ಜಾರಿಸಿದಳು, ಈಗ ಹಿಮ್ಮಡಿ ಅಲ್ಲಾಡುತ್ತಿಲ್ಲ — ಪುಟ್ಟಿ ಎಲ್ಲಿ ಅತ್ತೆ? ಅಂಗಳದಲ್ಲಿ ಆಡ್ತಿದಾಳೆ, ಯಾಕೇ? ಸುಮ್ನೆ ಕೇಳಿದೆ. ಸ್ಪ್ಯಾನರ್ ಬೇಕಾ ಎಂದು ಎತ್ತಿ ಹಿಡಿದರೆ ಬೇಡ ಎಂದು ತಲೆಯಾಡಿಸಿ ಫ್ಯಾನ್ ನೇತುಹಾಕಿದ ಬೋಲ್ಟಿನ ನಟ್ಟನ್ನು ಎರಡು ಬೆರಳಲ್ಲೇ ತಿರುವಿದಳು, ಒಂದು ಸುತ್ತು, ಇನ್ನೊಂದು ಸುತ್ತು, ನಟ್ಟು ಅವಳ ಅಂಗೈಗೆ ಬಂದುಬಿಟ್ಟಿತು, ಅದನ್ನು ನನ್ನ ಕಡೆ ಚಾಚಿದಳು. ಬೋಲ್ಟಿನ ತುದಿಗೆ ಬಂದು ನಿಂತಿತ್ತು ಅತ್ತೆ, ಎರಡೇ ಸುತ್ತು, ಇಷ್ಟು ದಿನ ಎರಡು ಸುತ್ತಿನ ಮೇಲೆ ನೇತಾಡ್ತಿತ್ತು, ಯಾವ ಪುಣ್ಯಾತ್ಮ ಹಾಕಿದ್ದೋ, ನಟ್ಟು ಜಾರದ ಹಾಗೆ ಇಲ್ಲಿ ಅಡ್ಡಕ್ಕೆ ಒಂದು ಪಿನ್ ಇರ್ಬೇಕು, ಎರಡು ಕಾಲಿನ ಪಿನ್ನು, ಹೇರ್‌ಪಿನ್ ಥರ, ತುದಿ ಬಗ್ಗಿಸಿರ್ತಾರೆ, ಅದೇ ಇಲ್ಲ.

ಎರಡು ಕಾಲಿನ ಪಿನ್ನು. ಆ ಪಿನ್ನು ಎಲ್ಲಿದೆ ಎಂದು ನನಗೆ ಗೊತ್ತು, ಮಿಷನ್ನಿನ ಪಕ್ಕದ ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ನಡುವೆ, ನಿನ್ನೆಯೂ ಅದರಲ್ಲೇ ಒಂದು ಪೈಜಾಮಕ್ಕೆ ಲಾಡಿ ಹಾಕಿದೆ — ಮಗನ ಮದುವೆಗೆಂದು ಬಣ್ಣ ಹೊಡೆಸಿದಾಗ ಪೇಂಟರ್ ಫ್ಯಾನ್ ಇಳಿಸಿದ್ದ, ನೆಲ ಗುಡಿಸುವಾಗ ಇದು ಸಿಕ್ಕಿತು, ಒಂದು ಕಡೆ ಉಂಗುರದಂಥ ತಲೆ, ಇನ್ನೊಂದು ಕಡೆ ಜೋಡಿ ಕಾಲು, ಲಾಡಿಯನ್ನು ಕಾಲುಗಳ ಮಧ್ಯೆ ಕಚ್ಚಿಸಿ ತೂರಿಸಿದರೆ ಪಿನ್ನು ಎಲ್ಲೂ ಸಿಕ್ಕಿಕೊಳ್ಳದೆ ಸರ್ರನೆ ಆಚೆ ಬರುತ್ತಿತ್ತು. ಅಮ್ಮಾ, ಇಲ್ಲೊಂದು ಪಿನ್ ಬಿದ್ದಿತ್ತು, ಕಂಡ್ರಾ ಎಂದು ಅವನು ಕೇಳಿದ. ಇಲ್ಲಪ್ಪಾ ಅಂದೆ. ಅಷ್ಟು ಸಲೀಸಾಗಿ ಅಂದೆ. ಹೋಗ್ಲಿ ಬಿಡಿ, ನಟ್ಟನ್ನೇ ಬಲವಾಗಿ ಬಿಗಿದಿದೀನಿ ಎಂದ, ಪುಣ್ಯಾತ್ಮ, ಎಷ್ಟು ಬಲವಾಗಿ ಬಿಗಿದಿದ್ದನೋ, ಅವನ ಮುಂಗೈಗೆ ದೊಡ್ಡ ನಮಸ್ಕಾರ, ಏಳು ವರ್ಷ ತಾಳಿತಲ್ಲ, ಪ್ರತಿದಿನ ಕೂದಲೆಳೆಯಷ್ಟು ಸಡಿಲವಾಗುತ್ತಾ, ನಾನು ಕೆಳಗೆ ಲಾಡಿ ತೂರಿಸುತ್ತಾ, ಆಮೇಲೆ ಪುಟ್ಟಿ ಹುಟ್ಟಿ, ತಾಯಿ ಕೆಲಸಕ್ಕೆ ಹೋದ ಮೇಲೆ ದಿನಾ ಮಧ್ಯಾಹ್ನ ಇದೇ ಫ್ಯಾನಿನ ಕೆಳಗೆ ಹಾಸಿ ಮಲಗಿಸಿ, ಗಾಳಿ ಚೆನ್ನಾಗಿ ಬರಲಿ ಎಂದು ಸರಿಯಾಗಿ ಮಧ್ಯಕ್ಕೇ ಎಳೆದು ಮಲಗಿಸಿ —

ತಪ್ಪನ್ನು ಪೇಂಟರನ ತಲೆಗೆ ಕಟ್ಟಿಬಿಡಬಹುದು, ಇವಳು ಆಗಲೇ ಕಟ್ಟಿದ್ದಾಳೆ, ನಾನು ಹೂಂ ಅಂದರೆ ಮುಗಿಯಿತು. ಹೂಂ ಅನ್ನಲು ಬಾಯಿ ತೆರೆದೆ, ಬಂದದ್ದು ಬೇರೆ, ಇಳಿಯಮ್ಮಾ, ಸ್ವಲ್ಪ ಇಳಿ, ನಿನಗೊಂದು ತೋರಿಸಬೇಕು. ಡಬ್ಬಿ ತಂದೆ, ಮುಚ್ಚಳ ತೆಗೆಯುವಾಗ ಗುಂಡಿಗಳೆಲ್ಲ ನೆಲದ ಪಾಲಾದವು, ಪಿನ್ನನ್ನು ಅವಳ ಅಂಗೈಯಲ್ಲಿ ನಟ್ಟಿನ ಪಕ್ಕ ಇಟ್ಟೆ, ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಬೈಯಲಿ, ಮಗುವನ್ನು ಎತ್ತಿಕೊಂಡು ಹೋಗಲಿ, ನನ್ನ ಹತ್ತಿರ ಇನ್ನು ಬಿಡುವುದಿಲ್ಲ ಎನ್ನಲಿ, ಅನ್ನುವ ಹಕ್ಕಿದೆ ಅವಳಿಗೆ, ಪುಟ್ಟಿ ಇಲ್ಲದ ಮಧ್ಯಾಹ್ನ ಹೇಗಿರುತ್ತದೆ, ಮಿಷನ್ ತುಳಿಯುತ್ತಾ ಒಬ್ಬಳೇ — ಆ ಟಕ್ ಟಕ್ ನಂಗೂ ಕೇಳ್ತಿತ್ತು ಅತ್ತೆ. ಅವಳ ದನಿ ಸಣ್ಣದಾಗಿತ್ತು. ಇದೇ ಕೆಲಸ ಮಾಡೋಳು ನಾನು, ಊರಿನ ಫ್ಯಾನೆಲ್ಲ ನೋಡ್ತೀನಿ, ನಿಮ್ಮ ಕೋಣೆಗೆ ಬಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ, ನನ್ನ ಮಗಳು ಕೆಳಗೆ ಮಲಗ್ತಿದ್ಲು, ಆದ್ರೂ ಸುಮ್ನಿದ್ದೆ. ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಸುಣ್ಣ, ನನ್ನ ಸೆರಗಿನಲ್ಲೇ ಒರೆಸಿದೆ, ಏಳು ವರ್ಷದಲ್ಲಿ ಮೊದಲ ಸಲ ಅವಳ ಮುಖ ಮುಟ್ಟಿದ್ದು.

ಈಗ ಏಣಿಯ ಮೇಲೆ ನಾನಿದ್ದೇನೆ, ಹಿಂದಿನಿಂದ ಅವಳು ನನ್ನ ಸೊಂಟವನ್ನೂ ಏಣಿಯನ್ನೂ ಸೇರಿಸಿ ಹಿಡಿದಿದ್ದಾಳೆ, ಮೊದಲು ತಾನೇ ಹತ್ತಿ ಹಳೆಯದನ್ನು ಇಳಿಸಿ, ಕೊಕ್ಕೆಗೆ ಜೋತುಬಿದ್ದು ತನ್ನ ಭಾರವನ್ನೇ ಹಾಕಿ ನೋಡಿ, ಹೊಸ ಫ್ಯಾನ್ ಏರಿಸಿ, ವೈರು ಸೇರಿಸಿ, ನಟ್ಟು ಬಿಗಿದು, ಕೊನೆಗೆ, ಪಿನ್ನು ನೀವೇ ಹಾಕಿ ಅತ್ತೆ, ನಿಮಗಿಂತ ಚೆನ್ನಾಗಿ ಯಾರು ತೂರಿಸ್ತಾರೆ ಎಂದಳು, ತಮಾಷೆ ಮಾಡಿದಳು ಕಣ್ಣಲ್ಲಿ ನೀರಿಟ್ಟುಕೊಂಡೇ, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ. ತೂತಿಗೆ ತೂರಿಸಿದೆ, ಇಕ್ಕಳದಲ್ಲಿ ಒಂದು ಕಾಲನ್ನು ಆಚೆ ಬಗ್ಗಿಸಿದೆ, ಇನ್ನೊಂದನ್ನು ಈಚೆ, ಅಲ್ಲಾಡಿಸಿ ನೋಡಿದೆ, ಇನ್ನೊಮ್ಮೆ ನೋಡಿದೆ. ಸಾಕು ಬನ್ನಿ, ಗಟ್ಟಿ ಇದೆ. ಇಳಿದೆ, ರೆಕ್ಕೆ ಹಾಕಿದಳು, ಬಟ್ಟಲು ಮುಚ್ಚಿದಳು, ಜೇಬಿನಿಂದ ಫ್ಯೂಸ್ ತೆಗೆದು ಸಿಗಿಸಿದಳು, ಮೊದಲು ಸ್ಪೀಡ್ ಒಂದರಲ್ಲಿ ಹಾಕಿ ಅತ್ತೆ, ನಿಧಾನಕ್ಕೆ.

ತಿರುಗಿತು, ಸದ್ದೇ ಇಲ್ಲ, ಗಾಳಿ ಬಂತು, ಪುಟ್ಟಿ ಓಡಿ ಬಂದು, ಅಜ್ಜಿ ಹೊಸದು, ಎಂದು ಕೈಕಾಲು ಚಾಚಿ ನೆಲದ ಮೇಲೆ ಬಿದ್ದುಕೊಂಡಳು, ಸರಿಯಾಗಿ ಮಧ್ಯಕ್ಕೆ, ಇವಳ ಅಮ್ಮ ನಗುತ್ತಾ ಹಗ್ಗ ಸುತ್ತುತ್ತಿದ್ದಾಳೆ, ನಾನೂ ನಗುತ್ತಿದ್ದೇನೆ, ಎಲ್ಲರೂ ಇದ್ದೇವೆ, ಒಬ್ಬರೂ ಕಡಿಮೆಯಾಗಿಲ್ಲ, ಯಾರಿಗೆ ಕೈ ಮುಗಿಯಲಿ, ಮುಗಿಯೋಣವೆಂದರೆ ಕೈ ಸ್ವಿಚ್ಚು ಬಿಟ್ಟು ಬರುತ್ತಿಲ್ಲ, ಪುಟ್ಟಿ ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದಾಳೆ, ಮಲಗಿದಾಗಲೂ ಹೀಗೇ ಬಾಯಿ ತೆರೆದಿರುತ್ತಿದ್ದಳು, ಆಗೆಲ್ಲ ಮೇಲೆ ಹಳೆಯ ಬೋಲ್ಟಿನ ತುದಿಯಲ್ಲಿ ನಟ್ಟು, ಒಂದು ಸುತ್ತು, ಇನ್ನೊಂದು ಸುತ್ತು, ಎರಡೇ —